ಒಳಗುಳಿದ ತುಂಡು

ಮೊಮ್ಮಗಳ ಆಪರೇಷನ್ನು ಅರ್ಧ ಗಂಟೆಯ ಕೆಲಸ ಎಂದಿದ್ದರು. ಅರ್ಧ ಗಂಟೆಯ ಕೆಲಸ ಎಂದರೆ ಏನೆಂದು ನಲ್ಲಿ ಮೇಸ್ತ್ರಿಗೆ ಗೊತ್ತಿಲ್ಲದ್ದೇನಲ್ಲ; ಜೀವಮಾನವಿಡೀ ಗಿರಾಕಿಗಳಿಗೆ ಅವನೂ ಅದನ್ನೇ ಹೇಳಿಕೊಂಡು ಬಂದಿದ್ದ. ಹಾಗಾಗಿ ಮೊದಮೊದಲು ಗೋಡೆಗೊರಗಿ ಆರಾಮವಾಗಿಯೇ ಕೂತಿದ್ದ. ಊಟದ ಹೊತ್ತು ಮೀರಿತು. ಸೊಸೆ ಎದ್ದು ಹೋಗಿ ಬಾಗಿಲ ಪಕ್ಕ ನಿಂತಳು. ಚಹಾ ತರುತ್ತೇನೆಂದು ಹೋದ ಮಗ ಬರಿಗೈಯಲ್ಲಿ ವಾಪಸು ಬಂದ.

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು.

"ಮಗು ಚೆನ್ನಾಗಿದಾಳೆ," ಎಂದರು ಮೊದಲು. ಹೀಗೆ ಶುರುವಾಗುವ ಮಾತಿಗೆ ಬಾಲ ಇದ್ದೇ ಇರುತ್ತದೆ. "ಬಿಲ್ಲೆ ಬಂತು. ಪೈಪು ಪೂರ್ತಿ ಬರಲಿಲ್ಲ. ಅರ್ಧ ಭಾಗ ರಕ್ತನಾಳದ ಗೋಡೆಗೆ ಕಚ್ಕೊಂಡುಬಿಟ್ಟಿದೆ. ಎಳೆದಾಗ ತುಂಡಾಯ್ತು. ಇನ್ನೂ ಜೋರು ಮಾಡಿದ್ರೆ ನಾಳವೇ ಹರಿದುಹೋಗುತ್ತೆ ಅಂತ ಅಲ್ಲಿಗೇ ಬಿಟ್ವಿ."

"ಅಂದ್ರೆ ಒಳಗೇ ಇದೆಯಾ?" ಎಂದ ಮಗ.

"ಒಂದು ತುಂಡು ಇದೆ. ಬೆರಳುದ್ದ. ಹೃದಯಕ್ಕೆ ಸ್ವಲ್ಪ ಮೇಲೆ."

"ಯಾಕೆ ಕಚ್ಕೊಳ್ತು?"

"ತುಂಬ ದಿನ ಇತ್ತಲ್ಲ. ಹಳೇದಾಗುತ್ತೆ, ಸುತ್ತ ಸುಣ್ಣದ ಥರ ಕಟ್ಕೊಳ್ಳುತ್ತೆ. ಮಗು ಬೆಳೆಯುತ್ತೆ, ಪೈಪು ಬೆಳೆಯಲ್ಲ. ಚಿಕಿತ್ಸೆ ಮುಗಿದ ಮೇಲೆ ತೆಗೆಸಿಬಿಡಿ ಅಂತ ನಾವು ಆಗಲೇ ಹೇಳಿದ್ವಿ."

ಸೊಸೆ ತಿರುಗಿ ಮಾವನ ಮುಖ ನೋಡಿದಳು. ಒಂದೇ ಸಲ ನೋಡಿದ್ದು. ಆ ನೋಟ ಮೇಸ್ತ್ರಿಯ ಜೊತೆ ಬಸ್ಸು ಹತ್ತಿ ಮನೆಗೂ ಬಂತು.

ಮೊಮ್ಮಗಳನ್ನು ಮನೆಯಲ್ಲಿ ಕರೆಯುವುದು ಕಡ್ಲೆ ಎಂದು. ಹುಟ್ಟಿದಾಗ ಅಷ್ಟೇ ಇದ್ದಳು ಅಂತ ಅಜ್ಜಿ ಇಟ್ಟ ಹೆಸರು. ಈಗ ಹನ್ನೊಂದು ವರ್ಷ. ಆರನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂತು. ಕೈಯ ನರಗಳು ಸೂಜಿ ಚುಚ್ಚಿಸಿಕೊಂಡು ಸೋತುಹೋದ ಮೇಲೆ ಕೊರಳ ಮೂಳೆಯ ಕೆಳಗೆ, ಚರ್ಮದ ಒಳಗೆ, ನಾಣ್ಯದಗಲದ ಒಂದು ಸಾಧನ ಕೂರಿಸಿದರು. ಅದರಿಂದ ಹೊರಟ ತೆಳ್ಳನೆಯ ಪೈಪು ದೊಡ್ಡ ರಕ್ತನಾಳಕ್ಕೆ ಇಳಿದು ಹೃದಯದ ಬಾಗಿಲವರೆಗೆ ಹೋಗುತ್ತಿತ್ತು. ಔಷಧಿಯೆಲ್ಲ ಅದರ ಮೂಲಕವೇ. ಆಸ್ಪತ್ರೆಯವರು ಅದಕ್ಕೆ ಪೋರ್ಟ್ ಎನ್ನುತ್ತಿದ್ದರು, ಕಡ್ಲೆ ಬಿಲ್ಲೆ ಎನ್ನುತ್ತಿದ್ದಳು, ಕೊನೆಗೆ ಡಾಕ್ಟರುಗಳೂ ಬಿಲ್ಲೆ ಎನ್ನತೊಡಗಿದರು. ಅಳುವುದಕ್ಕಿಂತ ಬೈಯುವುದರಲ್ಲಿ ಹೆಚ್ಚು ನಂಬಿಕೆಯಿದ್ದ ಆ ಹುಡುಗಿ ಮೂರು ವರ್ಷ ಇಡೀ ವಾರ್ಡನ್ನು ಬೈದು, ವಾಸಿಯಾಗಿ ಮನೆಗೆ ಬಂದಳು.

ಬಿಲ್ಲೆಯನ್ನು ಆಗಲೇ ತೆಗೆಸಬೇಕಿತ್ತು. ಅದಕ್ಕೊಂದು ದಿನ ಕೂಡ ನಿಗದಿಯಾಗಿತ್ತು. ಆದರೆ ಅವಳ ಪಕ್ಕದ ಹಾಸಿಗೆಯಲ್ಲಿ ಹಳದಿ ಉಲ್ಲನ್ ಟೋಪಿಯ ಹುಡುಗಿಯೊಬ್ಬಳಿದ್ದಳು. ಅವಳಿಗೂ ವಾಸಿಯಾಗಿತ್ತು. ಬಿಲ್ಲೆ ತೆಗೆಸಿ, ವಾರ್ಡಿಗೆಲ್ಲ ಸಿಹಿ ಹಂಚಿ ಹೋಗಿದ್ದಳು. ಕೆಲವೇ ತಿಂಗಳಲ್ಲಿ ಕಾಯಿಲೆ ಮರಳಿ ಬಂತು. ಇನ್ನೊಂದು ಬಿಲ್ಲೆ ಹಾಕುವಷ್ಟು ಪುರುಸೊತ್ತನ್ನೂ ಅದು ಕೊಡಲಿಲ್ಲ.

ಆ ಸುದ್ದಿ ಬಂದ ದಿನ ಮೇಸ್ತ್ರಿ ತಟ್ಟೆಯ ಮುಂದೆ ಕೂತು ತೀರ್ಪು ಕೊಟ್ಟ. "ಕೆಲಸ ಮಾಡ್ತಿರೋ ಫಿಟ್ಟಿಂಗನ್ನ ಬಿಚ್ಚಬಾರದು. ಬಿಚ್ಚಿದ ಮಾರನೇ ದಿನವೇ ಅದು ಬೇಕಾಗುತ್ತೆ, ನಾನು ಎಷ್ಟು ಮನೇಲಿ ನೋಡಿಲ್ಲ? ಇರಲಿ ಬಿಡಿ. ಅದೇನು ಅನ್ನ ಕೇಳುತ್ತಾ, ನೀರು ಕೇಳುತ್ತಾ?"

ಅದು ಅವನ ಕಸುಬಿನ ನಿಯಮ. ಪೈಪಿನ ವಿಷಯದಲ್ಲಿ ಆ ಮನೆಯಲ್ಲಿ ಮೇಸ್ತ್ರಿಯ ಮಾತೇ ಕೊನೆ, ಇದೂ ಪೈಪೇ ತಾನೇ ಎಂದು ಎಲ್ಲರೂ ಒಪ್ಪಿಕೊಂಡರು. ಆಸ್ಪತ್ರೆಗೆ ಫೋನ್ ಮಾಡಿ, ಮನೆಯಲ್ಲಿ ಹುಷಾರಿಲ್ಲ, ಆಮೇಲೆ ಬರುತ್ತೇವೆ ಎಂದವನು ಅವನೇ. ಇನ್ನೊಂದು ದಿನ ಕೊಟ್ಟಾಗ ಪರೀಕ್ಷೆ ಇದೆ ಎಂದವನೂ ಅವನೇ. ತಿಂಗಳಿಗೊಮ್ಮೆ ಮೊಮ್ಮಗಳ ಕೈ ಹಿಡಿದುಕೊಂಡು ಹೋಗಿ ಬಿಲ್ಲೆ ತೊಳೆಸಿಕೊಂಡು ಬರುತ್ತಿದ್ದ. ನರ್ಸು ಸಿರಿಂಜಿನಿಂದ ಔಷಧಿ ನೂಕುವಾಗ ಬಗ್ಗಿ ನೋಡಿ, "ಹೇಗೆ ಹರೀತಿದೆ ನೋಡು, ಹೊಸದರ ಹಾಗೆ," ಎಂದು ಹಿಗ್ಗುತ್ತಿದ್ದ. ಹಾಗೆ ಎರಡು ವರ್ಷ ಹೋಯಿತು. ಇನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಡಾಕ್ಟರಮ್ಮ ಗದರಿದ ಮೇಲೇ ಮನೆಯವರು ತೆಗೆಸಲು ಒಪ್ಪಿದ್ದು.

ಈಗ ಪ್ರಜ್ಞೆ ಬಂದ ಕಡ್ಲೆ ಕೇಳಿದ ಮೊದಲ ಮಾತು, "ಬಂತಾ?"

"ಬಂತು ಕಂದ, ಎಲ್ಲ ಬಂತು," ಎಂದಳು ಅವಳಮ್ಮ.

"ನನ್ನ ಬಿಲ್ಲೆ ನನಗೇ ಕೊಡ್ತೀನಿ ಅಂದಿದ್ರು."

ನರ್ಸು ಮಾತಿಗೆ ತಪ್ಪಲಿಲ್ಲ. ತೊಳೆದ ಬಿಲ್ಲೆಯನ್ನು, ಅದಕ್ಕಂಟಿದ್ದ ಮೋಟು ಪೈಪಿನ ಸಮೇತ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ತಂದುಕೊಟ್ಟಳು. ಕಡ್ಲೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮಾತಿಲ್ಲದೆ ದಿಂಬಿನ ಕೆಳಗಿಟ್ಟುಕೊಂಡಳು. ಮದ್ದಿನ ಮಂಪರು ಇನ್ನೂ ಇಳಿದಿಲ್ಲ ಅಂತ ಎಲ್ಲರೂ ಅಂದುಕೊಂಡರು.

ಮನೆಗೆ ಹೊರಡುವ ಮೊದಲು ಡಾಕ್ಟರಮ್ಮ ದೊಡ್ಡವರನ್ನು ಒಳಗೆ ಕರೆದು ಕೂರಿಸಿದರು. ತೊಡೆಯ ನಾಳದಿಂದ ತಂತಿ ತೂರಿಸಿ, ಕುಣಿಕೆ ಹಾಕಿ ಆ ತುಂಡನ್ನು ಹಿಡಿಯಲು ನೋಡಬಹುದು; ನಾಳ ಹರಿಯುವ ಅಪಾಯವಿದೆ. ಹಾಗೇ ಬಿಟ್ಟರೆ ಸುತ್ತ ರಕ್ತ ಹೆಪ್ಪುಗಟ್ಟಬಹುದು, ನಂಜಾಗಬಹುದು, ಎಂದೋ ಒಂದು ದಿನ ಕಿತ್ತುಕೊಂಡು ಹೃದಯಕ್ಕೆ ಹೋಗಲೂಬಹುದು. ಏನೂ ಆಗದೆಯೂ ಇರಬಹುದು. ಕೆಲವು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ, ಅಷ್ಟರಲ್ಲಿ ನೀವೂ ಯೋಚನೆ ಮಾಡಿ ಎಂದರು. ಜ್ವರ ಬಂದರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ.

ಯೋಚನೆ ಮಾಡುವುದಕ್ಕೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ, ಎಲ್ಲ ಕಡೆ ಭಯವೇ ತುಂಬಿತ್ತು. ಅಜ್ಜಿ ಹೊತ್ತುಗೊತ್ತಿಲ್ಲದೆ ಮೊಮ್ಮಗಳ ಹಣೆ ಮುಟ್ಟಿ ನೋಡುತ್ತಿದ್ದಳು. ಸ್ಕೂಲ್ ಬಸ್ ಓಡಿಸುವ ಮಗ ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಫೋನ್ ಮಾಡಿ, "ಏನೂ ಇಲ್ಲ ತಾನೇ?" ಎಂದು ಕೇಳಿ ಇಟ್ಟುಬಿಡುತ್ತಿದ್ದ. ಒಂದು ಸಂಜೆ ಕಡ್ಲೆಯ ಮೈ ಬೆಚ್ಚಗಾಗಿ, ಒಲೆಯ ಮೇಲಿದ್ದ ಹಾಲನ್ನು ಹಾಗೇ ಬಿಟ್ಟು ಎಲ್ಲರೂ ಆಸ್ಪತ್ರೆಗೆ ಓಡಿದರು. ರಕ್ತ ಪರೀಕ್ಷೆ ಮಾಡಿ ಬರೀ ನೆಗಡಿ ಎಂದು ಕಳಿಸಿದರು. ವಾಪಸು ಬಂದಾಗ ಪಾತ್ರೆ ಸುಟ್ಟು ಕರಕಲಾಗಿತ್ತು. ಪಕ್ಕದ ಮನೆಯವರು ಒಲೆ ಆರಿಸಿದ್ದರು.

ಸೊಸೆ ಬೇಕರಿಯಲ್ಲಿ ಬ್ರೆಡ್ ಕಟ್ಟುವ ಕೆಲಸಕ್ಕೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವವಳು. ಬಂದವಳೇ ಮಾವನಿಗೊಂದು ಲೋಟ ಚಹಾ ಮಾಡಿ ಕೈಗೆ ಕೊಡುವುದು ಮದುವೆಯಾದಾಗಿನಿಂದ ನಡೆದುಬಂದದ್ದು. ಈಗಲೂ ಚಹಾ ಆಗುತ್ತಿತ್ತು, ಲೋಟಕ್ಕೂ ಬೀಳುತ್ತಿತ್ತು, ಆದರೆ ಅಡುಗೆಮನೆಯ ಕಟ್ಟೆಯ ಮೇಲೇ ಉಳಿಯುತ್ತಿತ್ತು. ಮೇಸ್ತ್ರಿ ಅದನ್ನು ತಾನಾಗಿ ಹೋಗಿ ತೆಗೆದುಕೊಳ್ಳಲಿಲ್ಲ. ಚಹಾ ಕೆನೆಗಟ್ಟಿ ಆರಿದ ಮೇಲೆ ಅಜ್ಜಿ ಗೊಣಗುತ್ತ ಚೆಲ್ಲುತ್ತಿದ್ದಳು.

"ಸೊಸೆ ಬೈದುಬಿಡ್ಲಿ, ನೀವೂ ಬೈಸ್ಕೊಂಡುಬಿಡಿ," ಎಂದಳು ಒಂದು ದಿನ. "ಹೀಗೆ ದಿನಾ ಹಾಲು, ಸಕ್ಕರೆ ದಂಡ ಮಾಡ್ತಾ ಕೂತ್ರೆ ಹೇಗೆ?"

"ಸುಮ್ನಿರು. ಯಾವ ನಲ್ಲಿ ಸೋರ್ತಿದೆ?"

"ಯಾವ ನಲ್ಲೀನೂ ಸೋರ್ತಿಲ್ಲ."

"ಕೇಳ್ತಿಲ್ವಾ? ಟಪ್, ಟಪ್ ಅಂತಿದೆ."

ಅಜ್ಜಿ ಕಿವಿಗೊಟ್ಟು ಕೇಳಿದಳು. ಏನೂ ಇಲ್ಲ. ಮೇಸ್ತ್ರಿ ಸ್ಪ್ಯಾನರ್ ತಂದು ಅಡುಗೆಮನೆಯ ನಲ್ಲಿ ಬಿಚ್ಚಿ ವಾಷರ್ ಬದಲಾಯಿಸಿದ. ಸದ್ದು ನಿಲ್ಲಲಿಲ್ಲ. ಮಾರನೇ ದಿನ ಬಚ್ಚಲ ಮನೆಯದನ್ನು ಬಿಚ್ಚಿದ. ಆಮೇಲೆ ಹಿತ್ತಲಿನದು, ಆಮೇಲೆ ತೊಟ್ಟಿಯ ವಾಲ್ವು. ಊಟಕ್ಕೆ ಕೂತಾಗಲೂ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಆಲಿಸುತ್ತಿದ್ದ. ಒಂದು ದಿನವಿಡೀ ಮನೆಗೆ ನೀರಿಲ್ಲದೆ, ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದವನ ಹೆಂಡತಿ ಬಕೆಟ್ ಹಿಡಿದು ಪಕ್ಕದ ಮನೆಯ ಮುಂದೆ ನಿಲ್ಲಬೇಕಾಯಿತು. ಅವಳು ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ಸದ್ದು ಏನೆಂದು ಮೇಸ್ತ್ರಿಗೆ ಮೆಲ್ಲಗೆ ಗೊತ್ತಾಯಿತು. ವಾರ್ಡಿನಲ್ಲಿ ಮೊಮ್ಮಗಳ ಪಕ್ಕ ಕೂತು, ಮೇಲೆ ನೇತಾಡುವ ಬಾಟಲಿಯಿಂದ ಬೀಳುವ ಔಷಧಿಯ ಹನಿಗಳನ್ನು ಅವನು ಮೂರು ವರ್ಷ ನೋಡಿದ್ದ. ಆ ಹನಿಗೆ ಸದ್ದಿಲ್ಲ. ಆಗ ಕೇಳದ ಸದ್ದು ಈಗ ಬರುತ್ತಿತ್ತು. ಅದರ ಹಿಂದೆಯೇ ಪಕ್ಕದ ಹಾಸಿಗೆಯ ಹಳದಿ ಟೋಪಿಯೂ ಬರುತ್ತಿತ್ತು. ಯಾರದೋ ಮನೆಯಲ್ಲಿ ಸಿಂಕಿನ ಕೆಳಗೆ ಮಲಗಿ ಕೆಲಸ ಮಾಡುವಾಗ, ಆ ಹುಡುಗಿ ಅಲ್ಲೇ ನಿಂತು ನೋಡುತ್ತಿದ್ದಾಳೆ ಅನ್ನಿಸಿ ತಲೆಯೆತ್ತಲು ಹೋಗಿ ಹಣೆ ಬಡಿಸಿಕೊಂಡಿದ್ದ. ಅವನಿಗೆ ಹೆದರಿಕೆಯಾಗುತ್ತಿತ್ತು.

"ಬಿಲ್ಲೆ ತೆಗೆದ ಮೇಲೆ ಈಜು ಕಲಿಸ್ತೀವಿ ಅಂದಿದ್ರಿ," ಎಂದಳು ಕಡ್ಲೆ ಒಂದು ಬೆಳಿಗ್ಗೆ, ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತ.

"ಗಾಯ ಒಣಗಲಿ," ಎಂದ ಅಪ್ಪ.

"ಒಣಗಿದೆ."

"ಈಗ ನೀರು ತಣ್ಣಗಿರುತ್ತೆ," ಎಂದಳು ಅಮ್ಮ.

"ಕೊಳ ರಿಪೇರಿಗೆ ಹಾಕಿದಾರಂತೆ," ಎಂದಳು ಅಜ್ಜಿ, ಯಾರೂ ಕೇಳದಿದ್ದರೂ.

ಕಡ್ಲೆ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಕೊನೆಗೆ ತಾತನನ್ನು ನೋಡಿದಳು. ತಾತ ನಲ್ಲಿಯ ಕಡೆ ನೋಡುತ್ತಿದ್ದ. ಅವಳು ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು. ಬಾಗಿಲು ಮುಚ್ಚಿದ್ದೇ ತಡ, ಮಗ ತಟ್ಟೆ ಸರಿಸಿದ.

"ಎಷ್ಟು ದಿನ ಹೀಗೆ ಸುಳ್ಳು ಹೇಳೋದು? ತೆಗೆಸಿಬಿಡೋಣ. ತಂತಿ ಹಾಕಿ ಹಿಡೀತಾರಂತಲ್ಲ."

"ಹರಿದ್ರೆ?" ಎಂದಳು ಸೊಸೆ.

"ಬಿಟ್ರೆ ಅದು ಹೃದಯಕ್ಕೆ ಹೋದ್ರೆ?"

"ನನ್ನ ಮಗಳನ್ನ ಮತ್ತೆ ಆ ಮೇಜಿನ ಮೇಲೆ ಮಲಗಿಸಲ್ಲ."

"ನಿನ್ನೊಬ್ಬಳ ಮಗಳಾ ಅವಳು?"

"ಹಾಗಾದ್ರೆ ನಿಮ್ಮಪ್ಪನ್ನೇ ಕೇಳಿ. ಪೈಪಿನ ವಿಷಯ ಅವರಿಗೇ ಗೊತ್ತಲ್ಲ!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಮಗ ಕೀಲಿಕೈ ಎತ್ತಿಕೊಂಡು ಹೊರಟ. ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು ಹಿತ್ತಲಿಗೆ ಹೋದಳು. ಮೇಸ್ತ್ರಿ ಎದ್ದು ತನ್ನ ತಟ್ಟೆಯನ್ನು ತಾನೇ ತೊಳೆಯಲು ನಿಂತ. ಸೊಸೆ ಪಕ್ಕದಲ್ಲಿ ನಿಂತು ಉಳಿದ ತಟ್ಟೆಗಳನ್ನು ಒರೆಸತೊಡಗಿದಳು.

"ನಾನೇ ತಪ್ಪು ಮಾಡಿದ್ದಮ್ಮ," ಎಂದ ಮೇಸ್ತ್ರಿ.

"ಹೂಂ," ಎಂದಳು ಸೊಸೆ. ಒಂದು ತಟ್ಟೆ ಒರೆಸಿಟ್ಟು ಮತ್ತೆ ಅದನ್ನೇ ಎತ್ತಿಕೊಂಡಳು. "ನೀವು ಫೋನ್ ಮಾಡಿ ಬೇಡ ಅಂದ ದಿನ ನಾನು ಇಲ್ಲೇ ನಿಂತಿದ್ದೆ ಮಾವ. ಅವಳಮ್ಮ ನಾನು. ನಿಮ್ಮ ಕೈಯಿಂದ ಫೋನ್ ಕಿತ್ಕೋಬಹುದಿತ್ತು. ಕಿತ್ಕೊಳ್ಳಲಿಲ್ಲ. ಆ ಟೋಪಿ ಹುಡುಗಿಯ ಅಮ್ಮ ನನ್ನ ಕಣ್ಮುಂದೆ ಬಂದುಬಿಟ್ಟಿದ್ಲು. ಸದ್ಯ, ಮಾವ ಹೇಳಿದ್ರು, ಇನ್ನು ನನ್ನ ತಲೆ ಮೇಲೆ ಬರಲ್ಲ ಅಂತ ಒಳಗೊಳಗೇ ಸಮಾಧಾನ ಆಯ್ತು. ನಿಮ್ಮ ಮೇಲೆ ಸಿಟ್ಟಿದೆ. ಅದಕ್ಕಿಂತ ಜಾಸ್ತಿ ನನ್ನ ಮೇಲೇ ಇದೆ."

ಹಳದಿ ಟೋಪಿಯನ್ನು ನೋಡುವವನು ತಾನೊಬ್ಬನೇ ಅಲ್ಲ ಎಂದು ಮೇಸ್ತ್ರಿಗೆ ಅವತ್ತೇ ಗೊತ್ತಾದದ್ದು. ಮಧ್ಯಾಹ್ನ ಸೊಸೆ ಕೆಲಸದಿಂದ ಬಂದು ಚಹಾ ಮಾಡಿ, ಲೋಟವನ್ನು ತಂದು ಅವನ ಕೈಗೆ ಕೊಟ್ಟಳು. ಬಿಸಿಯಾಗಿತ್ತು. ಅವನು ಕುಡಿದ.

ಮನೆಯ ಹಿಂದೆ ಅವನದೊಂದು ಶೆಡ್ಡಿತ್ತು. ಕಾಯಿಲೆಯ ದಿನಗಳಲ್ಲಿ ಶಾಲೆಗೆ ಹೋಗಲಾಗದ ಕಡ್ಲೆ ಅಲ್ಲೇ ಕೂತು ಎಲ್ಬೋ, ಕಪ್ಲಿಂಗು, ವಾಷರುಗಳನ್ನು ಡಬ್ಬಗಳಿಗೆ ವಿಂಗಡಿಸುತ್ತಿದ್ದಳು. ಯಾವುದು ಸವೆದದ್ದು, ಯಾವುದು ಬಿರುಕು ಬಿಟ್ಟದ್ದು ಎಂದು ಬೆರಳಲ್ಲಿ ಸವರಿಯೇ ಹೇಳುತ್ತಿದ್ದಳು. ಕಲಿಸಿದವನು ತಾತ. ಆ ವಾರದ ಕೊನೆಯಲ್ಲಿ ಅವಳು ಶಾಲೆಯಿಂದ ಬಂದು ಬಟ್ಟೆ ಬದಲಾಯಿಸದೆ ಸೀದಾ ಶೆಡ್ಡಿಗೆ ಬಂದಳು.

"ತಾತ, ಪೈಪು ಕತ್ತರಿಸಿದ್ರೆ ತುದಿ ಹೇಗಿರುತ್ತೆ?"

"ನೇರ ಇರುತ್ತೆ. ಯಾಕೆ?"

"ಎಳೆದು ಕಿತ್ತು ಬಂದ್ರೆ?"

ಮೇಸ್ತ್ರಿಯ ಕೈ ನಿಂತಿತು. ಕಡ್ಲೆ ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ, ಬಿಲ್ಲೆಯನ್ನು ಅವನ ಮುಂದಿಟ್ಟಳು. ಮೋಟು ಪೈಪಿನ ತುದಿ ಹಿಗ್ಗಿ, ತೆಳುವಾಗಿ, ಸೊಟ್ಟಗೆ ಹರಿದಿತ್ತು.

"ಇದು ಕತ್ತರಿಸಿದ್ದಲ್ಲ," ಎಂದಳು. "ಮಿಕ್ಕಿದ್ದೆಲ್ಲಿ?"

"ಯಾವಾಗ ಗೊತ್ತಾಯ್ತು ನಿಂಗೆ?"

"ಅವತ್ತೇ. ಹಾಸಿಗೆ ಮೇಲೆ."

"ಇಷ್ಟು ದಿನ ಯಾಕೆ ಕೇಳಲಿಲ್ಲ?"

"ಅಮ್ಮ ಎಲ್ಲ ಬಂತು ಅಂದ್ಲು. ಅವಳ ಮುಖ ನೋಡಿದ್ರೆ ಕೇಳೋಕಾಗ್ಲಿಲ್ಲ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ನೀನು ನಲ್ಲಿ ಬಿಚ್ಚೋದ್ರಲ್ಲೇ ಇದ್ದೆ."

ಮೇಸ್ತ್ರಿ ಸ್ಟೂಲು ಎಳೆದುಕೊಂಡು ಕೂತ. ತನ್ನ ಎದೆಯ ಮೇಲೆ ಬೆರಳಿಟ್ಟು, "ಇಲ್ಲಿದೆ," ಎಂದ. "ಬೆರಳುದ್ದ. ಗೋಡೆಗೆ ಅಂಟ್ಕೊಂಡಿದೆ. ತೆಗೆಸೋಕೆ ದಿನ ಗೊತ್ತು ಮಾಡಿದ್ರು ಕಡ್ಲೆ, ಬೇಡ ಅಂತ ಫೋನ್ ಮಾಡಿದವನು ನಾನು. ಎರಡು ಸಲ. ಅದಕ್ಕೇ ಹೀಗಾಯ್ತು. ಬೈಯಿ, ಎಷ್ಟು ಬೈತೀಯೋ ಬೈಯಿ."

"ಆಮೇಲೆ ಬೈತೀನಿ." ಅವಳು ಬಿಲ್ಲೆಯನ್ನೇ ನೋಡುತ್ತಿದ್ದಳು. "ಎಡಕ್ಕೆ ತಿರುಗಿ ಮಲಗಿದ್ರೆ ಅದು ಇದೆ ಅಂತ ಅನ್ಸುತ್ತೆ."

"ನೋವಾ?"

"ನೋವಿಲ್ಲ. ಒಳಗೆ ಯಾರೋ ಕೂತಿದಾರೆ ಅನ್ನೋ ಥರ." ಬಿಲ್ಲೆಯನ್ನು ಮತ್ತೆ ಡಬ್ಬಿಗೆ ಹಾಕುತ್ತ ಕೇಳಿದಳು, "ಈಗ ತೆಗೆಸ್ಬೇಕಾ, ಬಿಡ್ಬೇಕಾ? ನೀನು ಹೇಳು."

"ನಂಗೆ ಗೊತ್ತಿಲ್ಲ ಕಣೇ."

"ಪೈಪಿನ ವಿಷಯ ನಿಂಗೆ ಗೊತ್ತಿಲ್ವಾ?"

"ಗೊತ್ತಿಲ್ಲ," ಎಂದ ಮೇಸ್ತ್ರಿ. ಈ ಮಾತನ್ನು ಅವನು ಯಾವ ಗಿರಾಕಿಯ ಮುಂದೆಯೂ ಆಡಿದವನಲ್ಲ. ಆಡಿದ ಮೇಲೆ ಅಳು ಬಂತು. ಕಡ್ಲೆ ಅವನು ಅಳುವುದನ್ನು ಬೆರಗಿನಿಂದ ನೋಡಿ, ಕೈ ಒರೆಸುವ ಎಣ್ಣೆ ಬಟ್ಟೆಯನ್ನೇ ಎತ್ತಿ ಅವನಿಗೆ ಕೊಟ್ಟಳು. ಆಮೇಲೆ ಒಳಗೆ ಹೋಗಿ, "ನಂಗೆಲ್ಲ ಗೊತ್ತು, ಇನ್ನು ಯಾರೂ ಸುಳ್ಳು ಹೇಳ್ಬೇಡಿ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿದಳು. ಅವಳಮ್ಮನ ಕೈಯಿಂದ ಆಲೂಗೆಡ್ಡೆ ಉರುಳಿ ಒಲೆಯ ಕೆಳಗೆ ಹೋಯಿತು.

ಸ್ಕ್ಯಾನಿನ ದಿನ ಎಲ್ಲರೂ ಹೋದರು. ಡಾಕ್ಟರಮ್ಮ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಬೂದು ಬಣ್ಣದ ಎದೆಗೂಡಿನ ನಡುವೆ ಬಿಳಿಯ ಒಂದು ಗೆರೆ. ಮೇಸ್ತ್ರಿ ಅದನ್ನು ನೋಡಿ ಕಣ್ಣು ಕೆಳಗೆ ಹಾಕಿದ. ತುಂಡು ಜರುಗಿರಲಿಲ್ಲ. ಸುತ್ತ ಹೆಪ್ಪುಗಟ್ಟಿರಲಿಲ್ಲ.

"ಏನು ಯೋಚನೆ ಮಾಡಿದ್ರಿ?" ಎಂದರು ಡಾಕ್ಟರಮ್ಮ.

ಮಗ ಬಾಯಿ ತೆರೆದ, ಸೊಸೆಯೂ ತೆರೆದಳು. ಇಬ್ಬರಿಗಿಂತ ಮೊದಲು ಕಡ್ಲೆ ಕೇಳಿದಳು. "ಗೋಡೆ ಒಡೀದೆ ತೆಗೀಬಹುದಾ?"

ಡಾಕ್ಟರಮ್ಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. "ಹೇಳೋಕಾಗಲ್ಲ. ಉದ್ದಕ್ಕೂ ಅಂಟಿದೆ. ಎಳೆದ್ರೆ ಗೋಡೆ ಸಮೇತ ಬರೋ ಸಾಧ್ಯತೆ ಇದೆ."

"ಬಿಟ್ರೆ ಅದು ಓಡಾಡುತ್ತಾ?"

"ಅಷ್ಟು ಗಟ್ಟಿ ಅಂಟಿರೋದು ಸಾಮಾನ್ಯವಾಗಿ ಓಡಾಡಲ್ಲ. ಓಡಾಡಲ್ಲ ಅಂತ ಬರೆದುಕೊಡೋಕಾಗಲ್ಲ. ಆಗಾಗ ಬಂದು ತೋರಿಸ್ತಾ ಇರಬೇಕು, ಜೀವನಪರ್ಯಂತ. ಆದ್ರೆ ನನ್ನನ್ನ ಕೇಳಿದ್ರೆ, ಈಗ ಮುಟ್ಟದೇ ಇರೋದೇ ವಾಸಿ."

"ಈಜಬಹುದಾ?"

"ಧಾರಾಳವಾಗಿ."

ಕಡ್ಲೆ ತಲೆಯಾಡಿಸಿದಳು. "ಹಾಗಾದ್ರೆ ಇರಲಿ ಬಿಡಿ," ಎಂದಳು. "ಅದೇನು ಅನ್ನ ಕೇಳುತ್ತಾ, ನೀರು ಕೇಳುತ್ತಾ?"

ಡಾಕ್ಟರಮ್ಮ ನಕ್ಕುಬಿಟ್ಟರು. ಮನೆಯವರು ಯಾರೂ ನಗಲಿಲ್ಲ. ಎರಡು ವರ್ಷದ ಹಿಂದೆ ತಟ್ಟೆಯ ಮುಂದೆ ತಾನಾಡಿದ ಮಾತು ಈಗ ಮೊಮ್ಮಗಳ ಬಾಯಿಂದ ಬಂದದ್ದನ್ನು ಕೇಳಿ ಮೇಸ್ತ್ರಿ ತಲೆಯೆತ್ತಿದ. ಅವತ್ತು ಆ ಮಾತು ತಪ್ಪಾಗಿತ್ತು. ಇವತ್ತು ಡಾಕ್ಟರಮ್ಮನೇ ಸರಿ ಎನ್ನುತ್ತಿದ್ದರು. ನಾಳೆ ಏನಾಗುತ್ತದೋ ಯಾರು ಬಲ್ಲರು? ಮಗ ಹೆಂಡತಿಯ ಮುಖ ನೋಡಿದ, ಅವಳು ಮಗಳ ಜಡೆಯ ತುದಿಯನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಹಾಗೆ ತೀರ್ಮಾನವಾಯಿತು.

ಈಜುಕೊಳಕ್ಕೆ ಕರೆದುಕೊಂಡು ಹೋಗುವ ಪಾಳಿ ಮೇಸ್ತ್ರಿಯದಾಯಿತು. ಸೊಸೆಯೇ ಹೇಳಿದ್ದು. "ನಾನು ಬಂದ್ರೆ ಕಿರಿಚಿಬಿಡ್ತೀನಿ ಮಾವ. ನೀವು ಹೋಗಿ." ಕೆಲವು ವಾರದಲ್ಲಿ ಕಡ್ಲೆ ಕೈಕಾಲು ಬಡಿಯುವುದು ಕಲಿತಳು, ತೇಲುವುದು ಕಲಿತಳು. ಮೇಸ್ತ್ರಿ ಅವಳ ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ಸಿಮೆಂಟು ಬೆಂಚಿನ ಮೇಲೆ ಕೂರುತ್ತಿದ್ದ. ಆ ಟಪ್ ಟಪ್ ಸದ್ದು ಅವನ ಜೊತೆ ಅಲ್ಲಿಗೂ ಬಂದು ಕೂರುತ್ತಿತ್ತು.

ಒಂದು ದಿನ ಅವಳು ಕೊಳದ ಅಂಚಿಗೆ ಬಂದು ಕೂಗಿದಳು, "ತಾತ, ಇವತ್ತು ತಳ ಮುಟ್ಟಿ ಬರ್ತೀನಿ, ನೋಡು!" ಮೂಗು ಹಿಡಿದುಕೊಂಡು ಮುಳುಗಿದಳು. ಹೋದವಳು ಎಷ್ಟೋ ಹೊತ್ತಿನ ಮೇಲೆ ಎದ್ದು ಬಂದಳು, ಕೆಮ್ಮುತ್ತ, ಕೂದಲು ಮುಖಕ್ಕೆ ಅಂಟಿಸಿಕೊಂಡು.

"ನೋಡಿದ್ಯಾ?"

ನೋಡಿದೆ ಎನ್ನುವುದು ಸುಲಭವಿತ್ತು. "ಇಲ್ಲ," ಎಂದ ಮೇಸ್ತ್ರಿ. "ಕಣ್ಣು ಮುಚ್ಕೊಂಡಿದ್ದೆ."

"ಏನು?" ಕಡ್ಲೆ ಅಂಚನ್ನು ಹಿಡಿದು ಅರ್ಧ ಮೇಲೆದ್ದಳು. "ಮುದುಕಪ್ಪ! ಟಿಕೆಟ್ ತಗೊಂಡು ಒಳಗೆ ಬಂದು ಯಾರಾದ್ರೂ ಕಣ್ಣು ಮುಚ್ಕೊಂಡು ಕೂರ್ತಾರಾ? ಮನೆ ನಲ್ಲಿಯೆಲ್ಲ ಹಾಳು ಮಾಡಿದ್ದೀಯ, ಅಜ್ಜಿ ಕೈಲಿ ನೀರು ಹೊರಿಸಿದ್ದೀಯ, ನನ್ನ ಬಿಲ್ಲೆ ಮುರಿಸಿದ್ದೀಯ, ಈಗ ನಾನು ಮುಳುಗಿದ್ರೂ ನೋಡಲ್ವಾ? ಹೆದರುಪುಕ್ಕಲ! ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ಲ ನಿಂಗೆ!"

ಆಮೇಲೆ ಬೈಯುತ್ತೇನೆ ಎಂದಿದ್ದಳಲ್ಲ, ಬೈದಳು. ಸುತ್ತಲಿನ ಮಕ್ಕಳೆಲ್ಲ ತಿರುಗಿ ನೋಡುವ ಹಾಗೆ ಬೈದಳು. ಮೇಸ್ತ್ರಿ ತಲೆಬಗ್ಗಿಸಿ ಎಲ್ಲವನ್ನೂ ಬೈಸಿಕೊಂಡ.

"ಇನ್ನೊಂದ್ಸಲ ಹೋಗ್ತೀನಿ," ಎಂದಳು. "ಈ ಸಲ ಕಣ್ಣು ಮುಚ್ಚಿದ್ರೆ ನೋಡು ಮತ್ತೆ."

ಮೂಗು ಹಿಡಿದುಕೊಂಡು ಮುಳುಗಿದಳು. ನೀರು ಅವಳ ಮೇಲೆ ಮುಚ್ಚಿಕೊಂಡಿತು, ಅಲೆಗಳು ಅಂಚಿಗೆ ಬಡಿದು ಸುಮ್ಮನಾದವು. ಟಪ್, ಟಪ್ ಎಂಬ ಸದ್ದು ಮತ್ತೆ ಶುರುವಾಯಿತು. ಆ ಪುಟ್ಟ ಬಿಳಿ ಗೆರೆಯೂ ಅವಳ ಜೊತೆ ತಳಕ್ಕೆ ಇಳಿಯುತ್ತಿದೆ ಎಂಬುದು ಮೇಸ್ತ್ರಿಗೆ ಗೊತ್ತಿತ್ತು. ಅವನು ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ರೆಪ್ಪೆ ಹೊಡೆಯದೆ ನೀರನ್ನೇ ನೋಡುತ್ತ ಕೂತ.